ಗುಡ್ಡವಿಲ್ಲದ ಊರಿನಲ್ಲಿ ಗುಡ್ಡದ ಸೈಕಲ್ಲು

ಊರು ಬಿಟ್ಟು ಊರಿಗೆ ಹೊರಡುವಾಗ ಪ್ರತಿ ಮನೆಯಲ್ಲೂ ಯಾವುದಾದರೂ ಒಂದು ಸಾಮಾನಿನ ಬಗ್ಗೆ ಜಗಳ ಆಗಿಯೇ ಆಗುತ್ತದೆ. ಕೆಲವರ ಮನೆಯಲ್ಲಿ ಅದು ಅತ್ತೆಯವರ ಕಾಲದ ಒರಳುಕಲ್ಲು, ಇನ್ನು ಕೆಲವರಲ್ಲಿ ಕಾಲು ಮುರಿದ ಮಂಚ. ನಮ್ಮ ಮನೆಯಲ್ಲಿ ಅದು ಮಗಳ ಸೈಕಲ್ಲು.

ನಮ್ಮವರದು ಬ್ಯಾಂಕಿನ ಕೆಲಸ. ಒಂಬತ್ತು ವರ್ಷ ಚಿಕ್ಕಮಗಳೂರಿನಲ್ಲಿದ್ದೆವು. ಮೊನ್ನೆ ಮೊನ್ನೆ ಎಂಬಂತಿದೆ, ಎರಡು ವರ್ಷದ ಹಿಂದೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. "ಅಲ್ಲಿ ಬರೀ ಬಯಲು. ಗುಡ್ಡ ಹತ್ತೋ ಸೈಕಲ್ ತಗೊಂಡು ಏನ್ ಮಾಡ್ತೀಯ? ಇಲ್ಲೇ ಯಾರಿಗಾದರೂ ಕೊಟ್ಟುಬಿಡು" ಎಂದರು ನಮ್ಮವರು. ನಾನೂ ತಲೆಯಾಡಿಸಿದೆ. ಮಗಳು ಒಂದು ಮಾತೂ ಆಡದೆ ಸೈಕಲ್ಲಿಗೆ ಹಳೆಯ ಹೊದಿಕೆ ಸುತ್ತಿ, ತಾನೇ ಲಾರಿಗೆ ಹತ್ತಿಸಿ, ಹಗ್ಗ ಬಿಗಿದಳು.

ಈಗ ಅನ್ನಿಸುತ್ತದೆ, ಅವಳು ಅಂದು ಹಟ ಮಾಡಿದ್ದೇ ಒಳ್ಳೆಯದಾಯಿತು. ನಿಮ್ಮ ಮನೆಯಲ್ಲೂ ಇಂಥ ಗೇರಿನ ಸೈಕಲ್ಲಿದ್ದು, ಮಲೆನಾಡಿನಿಂದಲೋ ಕೊಡಗಿನಿಂದಲೋ ಬಯಲುಸೀಮೆಗೆ ಹೊರಟಿದ್ದರೆ, ಮಾರುವ ಮೊದಲು ನಮ್ಮ ಅನುಭವವನ್ನು ಸ್ವಲ್ಪ ಓದಿ.

ಇದು ಎಂಥ ಸೈಕಲ್ಲು?

ಮೌಂಟನ್ ಬೈಕ್ ಎಂದ ಕೂಡಲೆ ಮೋಟಾರಿನ ಬೈಕು ಎಂದುಕೊಳ್ಳಬೇಡಿ. ಇದೂ ತುಳಿಯುವ ಸೈಕಲ್ಲೇ. ಟೈರು ದಪ್ಪ, ಅದರ ಮೇಲೆ ಗಡ್ಡೆ ಗಡ್ಡೆ ಹಲ್ಲು. ಹ್ಯಾಂಡಲ್ಲು ಅಗಲ. ಮುಂದಿನ ಚಕ್ರ ಹಿಡಿದ ಕವಲಿನಲ್ಲಿ ಸ್ಪ್ರಿಂಗಿನಂಥ ವ್ಯವಸ್ಥೆ ಇರುವುದರಿಂದ ಕಲ್ಲಿನ ಮೇಲೆ ಹೋದರೂ ಕೈ ನೋಯದು. ಏರಿಗೆ ಹಗುರ ಗೇರು, ಇಳಿಜಾರಿಗೆ ಭಾರದ ಗೇರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುವ ಪಂದ್ಯವನ್ನು 1976ರಲ್ಲಿ ಶುರುಮಾಡಿದರಂತೆ. ಆ ಆಟವೇ ಬೆಳೆದು 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸೇರಿತು. ಇದನ್ನೆಲ್ಲ ನನಗೆ ಹೇಳಿದವಳು ಮಗಳೇ. ಅವಳ ತಾತ ಎಸ್.ಎಸ್.ಎಲ್.ಸಿ. ಪಾಸಾದುದಕ್ಕೆ ಕೊಟ್ಟ ದುಡ್ಡಿನಲ್ಲಿ ಒಬ್ಬರ ಹತ್ತಿರ ಬಳಸಿದ ಸೈಕಲ್ಲನ್ನು ಕೊಂಡಿದ್ದಳು. ಕಾಫಿ ತೋಟದ ದಾರಿ, ಕಲ್ಲು, ಬೇರು, ತಿರುವು, ಎಲ್ಲವೂ ಅವಳಿಗೆ ಪಾಠವಾಗಿತ್ತು. ಮನೆಯ ಜಗುಲಿಯಲ್ಲಿ ನಿಂತರೆ ಮುಳ್ಳಯ್ಯನಗಿರಿಯ ಸಾಲು ಕಾಣುತ್ತಿತ್ತು. ಸುಮಾರು 1,930 ಮೀಟರ್ ಎತ್ತರದ ಅದು ಕರ್ನಾಟಕದಲ್ಲೇ ಎತ್ತರದ ಶಿಖರ. ಅಂಥ ಊರಿನ ಹುಡುಗಿಯನ್ನು ತಂದು ಗದ್ದೆ ಬಯಲಿನ ನಡುವೆ ಬಿಟ್ಟೆವು.

ಚಪಾತಿ ಮಣೆಯ ಮೇಲೆ

ಇಲ್ಲಿನ ನೆಲ ನೋಡಿದವರಿಗೆ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆ. ನಡುವೆ ಕಾಲುವೆ, ಉಪಕಾಲುವೆ, ಒಂದೊಂದು ಕ್ಯಾಂಪು, ಒಂದೊಂದು ಅಕ್ಕಿ ಗಿರಣಿಯ ಹೊಗೆಗೊಳವೆ. ಮೊದಲ ದಿನ ಮಾಳಿಗೆ ಹತ್ತಿ ನಾಲ್ಕೂ ದಿಕ್ಕು ನೋಡಿ ಮಗಳು ಹೇಳಿದ್ದು ಇಷ್ಟೇ: "ಅಮ್ಮ, ಇದು ಚಪಾತಿ ಮಣೆ ಇದ್ದ ಹಾಗಿದೆ. ಇದರ ಮೇಲೆ ಏನಂತ ಹೊಡೀಲಿ?"

ಆಮೇಲೆ ಸೈಕಲ್ಲಿನ ಹೊದಿಕೆ ಬಿಚ್ಚಲೇ ಇಲ್ಲ. ಕಾಲೇಜಿಗೆ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಬರುವುದು, ಬಂದು ಬಾಗಿಲು ಹಾಕಿಕೊಳ್ಳುವುದು. ಅನ್ನ ಅರ್ಧ ತಟ್ಟೆಯಲ್ಲೇ ಉಳಿಯುತ್ತಿತ್ತು. ಎದುರುಮನೆಯ ಅಕ್ಕ ಒಂದು ದಿನ ಕೇಳಿಯೇಬಿಟ್ಟರು: "ಯಾಕ್ರೀ ಅಕ್ಕಾರ, ನಿಮ್ಮ ಹುಡುಗಿ ಮನಿ ಬಿಟ್ಟು ಹೊರಗ ಬರಂಗಿಲ್ಲಲ್ಲ, ಮೈಯಾಗ ಆರಾಮಿಲ್ಲೇನು?" ನಾನು ಓದಿನ ನೆಪ ಹೇಳಿದೆ. ನಿಜ ಹೇಳಬೇಕೆಂದರೆ, ಅವಳು ಮನೆಯೊಳಗೆ ಇದ್ದುದು ನನಗೂ ಒಂದು ಬಗೆಯ ನೆಮ್ಮದಿಯೇ ಆಗಿತ್ತು. ಗುರುತಿಲ್ಲದ ಊರು, ಬೆಳೆದ ಹುಡುಗಿ, ಎಲ್ಲಿ ನೋಡಿದರೂ ನೀರು. ತಾಯಂದಿರಾದ ನಿಮಗೆ ಬಿಡಿಸಿ ಹೇಳಬೇಕೇ?

ಜುಲೈ ತಿಂಗಳ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮಗಳೂ ಇಲ್ಲ, ಸೈಕಲ್ಲೂ ಇಲ್ಲ. ಎಂಟಾಯಿತು, ಒಂಬತ್ತಾಯಿತು. ಮೊಬೈಲು ಮೇಜಿನ ಮೇಲೇ ಇತ್ತು. ಕಾಲುವೆಗೆ ನೀರು ಬಿಟ್ಟ ಸಮಯ ಬೇರೆ. ನಮ್ಮವರು ಒಂದು ದಿಕ್ಕಿಗೆ ಸ್ಕೂಟರು ತೆಗೆದುಕೊಂಡು ಹೋದರು, ನಾನು ಇನ್ನೊಂದು ದಿಕ್ಕಿಗೆ ಬರಿಗಾಲಲ್ಲೇ ಓಡಿದೆ. ಹತ್ತು ಗಂಟೆಯ ಹೊತ್ತಿಗೆ ದೂರದಲ್ಲಿ ಸೈಕಲ್ಲು ತಳ್ಳಿಕೊಂಡು ಬರುವ ಆಕಾರ ಕಂಡಿತು. ಎರಡೂ ಚಕ್ರ ಪಂಚರು. ಎಂಟು ಕಿಲೋಮೀಟರು ನಡೆದು ಬಂದಿದ್ದಳು. ಮುಖವೆಲ್ಲ ಕೆಂಪು, ಆದರೆ ಒಂದು ತಿಂಗಳಿಂದ ಕಾಣದ ಕಳೆ ಆ ಮುಖದಲ್ಲಿತ್ತು. ನಾನು ಅದನ್ನು ಗಮನಿಸದೆ ಕೆನ್ನೆಗೆ ಒಂದು ಬಾರಿಸಿದೆ. ಆಮೇಲೆ ಇಬ್ಬರೂ ಅತ್ತೆವು.

ಆ ರಾತ್ರಿ ನಮ್ಮವರು ಹೇಳಿದ ಮಾತು ನನ್ನ ಕಣ್ಣು ತೆರೆಸಿತು. "ನೀನು ಬೇಡ ಅಂದರೆ ಹೇಳದೇ ಹೋಗ್ತಾಳೆ. ಹೋಗು ಅಂದರೆ ಹೇಳಿ ಹೋಗ್ತಾಳೆ. ಯಾವುದು ವಾಸಿ?"

ಮುಳ್ಳಿನ ಪಾಠ

ಮಾರನೆಯ ದಿನ ನಾನೇ ಅವಳ ಜೊತೆ ಬಸ್ ನಿಲ್ದಾಣದ ಹತ್ತಿರದ ಸೈಕಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಟೈರಿನಿಂದ ಒಂದೊಂದೇ ಮುಳ್ಳು ಕಿತ್ತು ಅಂಗೈ ಮೇಲಿಟ್ಟು ತೋರಿಸಿದರು. "ಇದು ನೆಗ್ಗಿಲ ಮುಳ್ರೀ ಅಕ್ಕಾರ. ಟೈರ್ ಎಷ್ಟ್ ದಪ್ಪ ಇದ್ರೂ ಬಿಡಂಗಿಲ್ಲ. ನಮ್ಮ ಕಡೆ ಸೈಕಲ್ ಹೊಡಿಯೋರು ಮೊದ್ಲು ಪಂಚರ್ ಹಾಕೋದು ಕಲೀಬೇಕು."

ನೆಗ್ಗಿಲು ನೆಲಕ್ಕೆ ಹರಡಿ ಹಳದಿ ಹೂ ಬಿಡುವ ಬಳ್ಳಿ. ಕಾಯಿ ಒಣಗಿದಾಗ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಅದರ ಜೊತೆಗೆ ಬೇಲಿ ಜಾಲಿಯ ಮುಳ್ಳು ಬೇರೆ. ಆದ್ದರಿಂದ ಬಯಲುಸೀಮೆಯಲ್ಲಿ ಸೈಕಲ್ಲು ಹೊಡೆಯುವವರು ಈ ನಾಲ್ಕನ್ನು ಬಿಟ್ಟು ಹೊರಡಬಾರದು: ಒಂದು ಸಣ್ಣ ಪಂಪು, ಒಂದು ಬದಲಿ ಟ್ಯೂಬು, ಟೈರು ಬಿಚ್ಚುವ ಎರಡು ಪಟ್ಟಿ, ತೇಪೆ ಮತ್ತು ಅಂಟು. ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ಪ್ಲಾಸ್ಟಿಕ್ ಪಟ್ಟಿಯೂ ಸಿಗುತ್ತದೆ. ಟ್ಯೂಬಿನೊಳಗೆ ಬಿಡುವ ಒಂದು ದ್ರವವೂ ಉಂಟು, ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಪಂಚರು ಹಾಕಿದ ಮೇಲೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ ನೋಡುವುದನ್ನು ಮರೆಯಬೇಡಿ. ಹಳೆಯ ಮುಳ್ಳು ಒಳಗೇ ಉಳಿದಿದ್ದರೆ ಹೊಸ ತೇಪೆ ಹತ್ತು ನಿಮಿಷವೂ ಬಾಳದು.

ಪಂಚರು ಹಾಕುವುದನ್ನು ಮಗಳ ಜೊತೆ ನಾನೂ ಕಲಿತೆ. ರೊಟ್ಟಿ ತಟ್ಟುವ ಕೈಗೆ ಇದೇನು ಮಹಾ ಕಷ್ಟವಲ್ಲ.

ಗಾಳಿಯೇ ಇಲ್ಲಿಯ ಗುಡ್ಡ

ಅಂದು ಅವಳ ಮುಖದಲ್ಲಿ ಕಳೆ ಬಂದಿದ್ದು ಯಾಕೆ ಗೊತ್ತೇ? "ಅಮ್ಮ, ಇಲ್ಲಿ ಗಾಳಿ ಇದೆ! ಎದುರು ಗಾಳಿಗೆ ಹೊಡೆದರೆ ಗುಡ್ಡ ಹತ್ತಿದ ಹಾಗೇ ಆಗುತ್ತೆ" ಎಂದಳು.

ಮಾತು ನಿಜ. ಜೂನಿನಿಂದ ಆಗಸ್ಟಿನವರೆಗೆ ಪಡುವಣ ಗಾಳಿ ಈ ಬಯಲಿನ ಮೇಲೆ ತಡೆಯೇ ಇಲ್ಲದೆ ಬೀಸುತ್ತದೆ. ಒಣಹಾಕಿದ ಸೀರೆ ಹಗ್ಗದ ಮೇಲೆ ನಿಲ್ಲುವುದಿಲ್ಲ. ಗಾಳಿಯ ಎದುರು ಸೈಕಲ್ಲು ತುಳಿಯುವುದರಲ್ಲಿ ಒಂದು ಲೆಕ್ಕವಿದೆ: ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಹೀಗಾಗಿ ಗುಡ್ಡಕ್ಕೆ ಬಳಸುತ್ತಿದ್ದ ಹಗುರ ಗೇರುಗಳೆಲ್ಲ ಇಲ್ಲಿಯೂ ಕೆಲಸಕ್ಕೆ ಬಂದವು. ಗುಡ್ಡವಾದರೆ ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು. ಗಾಳಿಯಲ್ಲಿಯೂ ಹಾಗೆಯೇ. ಆದರೆ ಒಂದು ಬುದ್ಧಿ ಬೇಕು. ಹೊರಡುವಾಗ ಗಾಳಿಗೆ ಎದುರಾಗಿ ಹೊರಡಿ, ಮರಳುವಾಗ ಗಾಳಿ ಬೆನ್ನಿಗಿರಲಿ. ಗಾಳಿಯ ಜೊತೆ ಉಲ್ಲಾಸದಿಂದ ದೂರ ಹೋಗಿಬಿಟ್ಟರೆ ಸುಸ್ತಾದ ಕಾಲಿನಲ್ಲಿ ಎದುರು ಗಾಳಿ ತುಳಿದು ಬರಬೇಕಾಗುತ್ತದೆ.

ಗುಡ್ಡವಿಲ್ಲದ ನಾಡಿನವರಿಗೆ ಈ ಆಟ ಬರುವುದಿಲ್ಲ ಎಂದುಕೊಂಡಿದ್ದ ನನಗೆ ಇನ್ನೊಂದು ಸಂಗತಿ ಕೇಳಿ ಬೆರಗಾಯಿತು. 1996ರಲ್ಲಿ ಪುರುಷರ ಮೌಂಟನ್ ಬೈಕ್ ಪಂದ್ಯದಲ್ಲಿ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಗೆದ್ದವನು ಬಾರ್ಟ್ ಬ್ರೆಂಟ್ಯೆನ್ಸ್. ಅವನ ದೇಶ ನೆದರ್ಲೆಂಡ್ಸ್! ಹಾಲೆಂಡ್ ಎಂದು ನಾವು ಶಾಲೆಯಲ್ಲಿ ಓದಿದ್ದೆವಲ್ಲ, ಸಮುದ್ರಮಟ್ಟಕ್ಕಿಂತ ತಗ್ಗಿನ ನೆಲವಿರುವ ನಾಡು, ಅದೇ. ಯುರೋಪಿನಲ್ಲಿರುವ ಆ ದೇಶದ ನೆಲದ ಅತಿ ಎತ್ತರದ ಜಾಗ 322 ಮೀಟರು ಮಾತ್ರ. ಅಲ್ಲಿನವರು ಚಳಿಗಾಲದಲ್ಲಿ ಸಮುದ್ರ ದಂಡೆಯ ಮರಳಿನ ಮೇಲೆ ಎದುರು ಗಾಳಿಗೆ ಮೌಂಟನ್ ಬೈಕಿನ ಪಂದ್ಯ ನಡೆಸುತ್ತಾರೆ. ಪಕ್ಕದ ಬೆಲ್ಜಿಯಂನವರಿಗೆ ಕೆಸರು ಗದ್ದೆಯಲ್ಲಿ ಸೈಕಲ್ಲು ಹೊಡೆಯುವ ಪಂದ್ಯವೆಂದರೆ ಪ್ರಾಣ. ದಾರಿ ಹೋಗಗೊಡದಿದ್ದರೆ ಇಳಿದು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಓಡುತ್ತಾರೆ!

ಅಷ್ಟು ದೂರ ಯಾಕೆ? ನಮ್ಮ ಕರ್ನಾಟಕದಲ್ಲಿ ಸೈಕಲ್ ಓಟಗಾರರಿಗೆ ಹೆಸರಾದ ಜಿಲ್ಲೆಗಳು ವಿಜಯಪುರ, ಬಾಗಲಕೋಟೆ. ಎರಡೂ ಬಯಲುಸೀಮೆಯವೇ. 2021ರಲ್ಲಿ ಮೌಂಟನ್ ಬೈಕಿನ ರಾಷ್ಟ್ರಮಟ್ಟದ ಸ್ಪರ್ಧೆ ನಡೆದದ್ದೂ ಗದಗಿನಲ್ಲಿ.

ಸೋಲಿಸಿದ ಹುಡುಗಿ

ಗಣೇಶನ ಹಬ್ಬದಲ್ಲಿ ಊರಿನ ಹುಡುಗರು ನಿಧಾನ ಸೈಕಲ್ ಸ್ಪರ್ಧೆ ಇಟ್ಟಿದ್ದರು. ನಿಮಗೆ ಗೊತ್ತಿದೆಯಲ್ಲ, ಕಾಲು ಊರದೆ ಎಲ್ಲರಿಗಿಂತ ಕೊನೆಗೆ ಬಂದವರೇ ಗೆದ್ದಂತೆ. ಗೇರಿನ ಸೈಕಲ್ಲಿನ ಹುಡುಗಿ ಗೆಲ್ಲುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಗೆದ್ದವಳು ದಿನಾ ಬೆಳಿಗ್ಗೆ ಎರಡು ಹಾಲಿನ ಕ್ಯಾನು ತೂಗುಹಾಕಿಕೊಂಡು ಡೈರಿಗೆ ಬರುವ ಹುಡುಗಿ. ನಮ್ಮವಳು ಎರಡನೆಯವಳು. ಮನೆಗೆ ಬಂದು ಮುಖ ಊದಿಸಿಕೊಳ್ಳುತ್ತಾಳೇನೋ ಎಂದು ನಾನು ಹೆದರಿದ್ದೆ. ಅವಳಾದರೋ ಆ ಹುಡುಗಿಯನ್ನೇ ಕರೆದುಕೊಂಡು ಬಂದಳು. "ಅಮ್ಮ, ಇವಳು ಹಾಲು ತುಂಬಿಕೊಂಡು ಬದುವಿನ ಮೇಲೆ ಬರ್ತಾಳಂತೆ, ಒಂದು ತೊಟ್ಟೂ ಚೆಲ್ಲಲ್ವಂತೆ!"

ಬಯಲಿನ ದಾರಿಗಳೆಲ್ಲ ನಮಗೆ ತೆರೆದದ್ದು ಆ ಹುಡುಗಿಯಿಂದ. ಯಾವ ಬಂಡಿ ದಾರಿ ಯಾವ ಊರಿಗೆ ಹೋಗುತ್ತದೆ, ಯಾವ ತೋಟದ ನಾಯಿ ಕಚ್ಚುತ್ತದೆ, ಯಾವ ಹಳ್ಳದಲ್ಲಿ ಮರಳು ಗಟ್ಟಿ, ಎಲ್ಲ ಅವಳಿಗೆ ಗೊತ್ತು. ಹೊಸ ಊರಿಗೆ ಹೋದವರು ಮೊದಲು ಮಾಡಬೇಕಾದ ಕೆಲಸ ಇದೇ ಎಂದು ನನಗೆ ತೋರುತ್ತದೆ: ಅಲ್ಲಿ ದಿನವೂ ಸೈಕಲ್ಲು ತುಳಿಯುವವರನ್ನು ಹುಡುಕುವುದು. ಅವರ ಸೈಕಲ್ಲಿಗೆ ಗೇರು ಇಲ್ಲದಿರಬಹುದು, ಕಾಲಿಗೆ ಊರೆಲ್ಲ ಗೊತ್ತಿರುತ್ತದೆ.

ಅವಳಿಂದ ನಾವು ಕಲಿತ ದಾರಿಗಳು ಹೀಗಿವೆ.

ಬಂಡಿ ದಾರಿ: ಎರಡು ಗಾಲಿಯ ಜಾಡು, ನಡುವೆ ಹುಲ್ಲು. ಒಂದು ಜಾಡಿನಿಂದ ಇನ್ನೊಂದಕ್ಕೆ ದಾಟುವುದೇ ಒಳ್ಳೆಯ ಅಭ್ಯಾಸ. ನವೆಂಬರಿನಿಂದ ಫೆಬ್ರವರಿಯವರೆಗೆ ನೆಲ ಒಣಗಿ ಗಟ್ಟಿಯಾಗಿರುತ್ತದೆ. ವರ್ಷದಲ್ಲಿ ಅದೇ ಒಳ್ಳೆಯ ಕಾಲ.

ಗದ್ದೆಯ ಬದು: ಒಂದಡಿ ಅಗಲದ ಬದುವಿನ ಮೇಲೆ ಬೀಳದೆ ಹೋಗುವುದು ಗುಡ್ಡದ ಕಾಲುದಾರಿಗಿಂತ ಕಷ್ಟ. ಆದರೆ ಗದ್ದೆಯವರನ್ನು ಕೇಳದೆ ಇಳಿಯಬಾರದು. ನಮ್ಮ ಹಿಂದಿನ ಗದ್ದೆಯ ಯಜಮಾನರು ಒಂದೇ ಮಾತು ಹೇಳಿದರು: "ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ನೀರು ಬಿಟ್ಟಾಗ ಮಾತ್ರ ಬರಬ್ಯಾಡ್ರಿ, ಬದು ಒಡದು ಹೋಗ್ತದ." ಔಷಧಿ ಹೊಡೆದ ದಿನವೂ ಗದ್ದೆಯ ಹತ್ತಿರ ಸುಳಿಯಬಾರದು.

ಒಣ ಹಳ್ಳ: ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಹಗುರ ಗೇರು ಹಾಕಿ, ಮೈಭಾರ ಹಿಂದಕ್ಕೆ ಬಿಟ್ಟು, ಹ್ಯಾಂಡಲ್ಲು ತಿರುಗಿಸದೆ ನೇರ ತುಳಿಯಬೇಕು. ಟಾರು ರಸ್ತೆಗೆ ಬಂದ ಕೂಡಲೆ ಮತ್ತೆ ಗಾಳಿ ತುಂಬಿ. ಎಷ್ಟು ತುಂಬಬಹುದೆಂದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಮೋಡ ಕವಿದ ದಿನ ಹಳ್ಳಕ್ಕೆ ಇಳಿಯಲೇ ಬೇಡಿ. ಮಳೆ ಇಲ್ಲಿ ಬೀಳದಿದ್ದರೂ ಮೇಲೆಲ್ಲೋ ಬಿದ್ದು ನೀರು ಬಂದೀತು.

ಎರೆ ಹೊಲ: ಮಳೆ ಬಿದ್ದ ಮೇಲೆ ಎರೆ ಮಣ್ಣಿನ ದಾರಿ ಮರೆತುಬಿಡಿ. ದೋಸೆ ಹಿಟ್ಟಿನಂತೆ ಅಂಟಿ, ಚಕ್ರ ತಿರುಗದೆ ನಿಂತುಬಿಡುತ್ತದೆ. ಎರಡು ಮೂರು ದಿನ ಬಿಸಿಲು ಕಾಯಲಿ. ಅಷ್ಟರವರೆಗೆ ಮೊರಂ ರಸ್ತೆಯೇ ಗತಿ.

ಸುಗ್ಗಿಯಲ್ಲಿ ರೈತರು ರಸ್ತೆಯ ಅಂಚಿನಲ್ಲೇ ಭತ್ತ ಹರವಿರುತ್ತಾರೆ. ಇಳಿದು ಬಳಸಿಕೊಂಡು ಹೋಗುವಂತೆ ಮಕ್ಕಳಿಗೆ ಹೇಳಿ. ಅನ್ನದ ಮೇಲೆ ಚಕ್ರ ಹರಿಸಿದ ಮಗುವನ್ನು ಊರು ತನ್ನದೆಂದು ಒಪ್ಪುವುದಿಲ್ಲ.

ಕಾಲುವೆಯ ಮಾತು

ಇದನ್ನು ಬೇರೆಯಾಗಿಯೇ ಹೇಳುತ್ತೇನೆ. ಕಾಲುವೆಯ ದಂಡೆ ಕಣ್ಣಿಗೆ ಸೊಗಸು. ನೇರ ದಾರಿ, ತಂಪು ಗಾಳಿ, ಬೆಳ್ಳಕ್ಕಿಗಳ ಸಾಲು. ಆದರೆ ಕಲ್ಲು, ಸಿಮೆಂಟು ಹಾಕಿದ ಕಾಲುವೆಯ ಒಳಮೈ ಇಳಿಜಾರು, ಮೇಲೆ ಪಾಚಿ. ಬಿದ್ದವರಿಗೆ ಈಜು ಬಂದರೂ ಹತ್ತಿ ಬರುವುದು ಕಷ್ಟ. ನಮ್ಮ ಮನೆಯಲ್ಲಿ ಕಾನೂನು ಹೀಗಿದೆ: ದೊಡ್ಡ ಕಾಲುವೆಯ ದಂಡೆಯ ಮೇಲೆ ಸೈಕಲ್ಲಿಲ್ಲ. ದಾಟುವಾಗ ಸೇತುವೆಯ ಮೇಲೆ ಇಳಿದು ತಳ್ಳಿಕೊಂಡು ಹೋಗಬೇಕು. ಕೈಕಾಲು ತೊಳೆಯಲೂ ನೀರಿಗೆ ಇಳಿಯಬಾರದು.

ಜೊತೆಗೆ ಮೂರು ಮಾತು. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಹೋಗುವುದು. ಒಬ್ಬಳೇ ಹೋಗದಿರುವುದು. ಹೆಲ್ಮೆಟ್ಟು ಹಾಕಿಕೊಳ್ಳುವುದು. "ನೆಲ ಸಮ ಇದೆ, ಬಿದ್ದರೆ ಏನಾಗುತ್ತೆ" ಎನ್ನಬೇಡಿ, ತಲೆಗೆ ಪೆಟ್ಟು ಬೀಳಲು ಗುಡ್ಡ ಬೇಕಿಲ್ಲ. ಹುಡುಗಿಯರು ದುಪ್ಪಟ್ಟ ಹಾಕಿಕೊಂಡಿದ್ದರೆ ಹಿಂದೆ ಗಂಟು ಹಾಕಲಿ, ಇಲ್ಲವೇ ಮನೆಯಲ್ಲೇ ಬಿಟ್ಟು ಹೋಗಲಿ. ಪ್ಯಾಂಟಿನ ಬಲಗಾಲಿನ ಅಂಚಿಗೆ ಒಂದು ರಬ್ಬರ್ ಬ್ಯಾಂಡು ಹಾಕಿದರೆ ಚೈನಿಗೆ ಸಿಕ್ಕುವುದಿಲ್ಲ.

ಹಿತ್ತಲಿನ ಆರು ದಿನ್ನೆ

ಇಷ್ಟೆಲ್ಲ ಇದ್ದರೂ ಏರಿ ಇಳಿಯುವ ಸುಖ ಎಲ್ಲಿ? ಅದಕ್ಕೂ ಒಂದು ಉಪಾಯ ಸಿಕ್ಕಿತು. ಪಂಪ್ ಟ್ರ್ಯಾಕ್ ಎಂದು ಅದರ ಹೆಸರು. ಸಮ ನೆಲದ ಮೇಲೆ ಮಣ್ಣಿನ ಸಣ್ಣ ಸಣ್ಣ ದಿನ್ನೆಗಳನ್ನು ಸಾಲಾಗಿ ಮಾಡುತ್ತಾರೆ. ಪೆಡಲು ತುಳಿಯದೆ, ದಿನ್ನೆ ಹತ್ತುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲಿನಿಂದ ಒತ್ತಿ, ಆ ಒತ್ತಡದಿಂದಲೇ ಮುಂದೆ ಹೋಗುವುದು. ಉಯ್ಯಾಲೆಯಲ್ಲಿ ನಿಂತು ಜೀಕುತ್ತೇವಲ್ಲ, ಹಾಗೆ.

ಮನೆಯ ಹಿಂದೆ ಮಾಲೀಕರದೇ ಖಾಲಿ ಜಾಗವಿತ್ತು. "ಮನೆ ಬಿಡುವಾಗ ಸಮ ಮಾಡಿ ಕೊಡ್ತೀವಿ" ಎಂದು ಕೇಳಿ ಒಪ್ಪಿಸಿದೆವು. ಒಂದು ಟ್ರ್ಯಾಕ್ಟರ್ ಮೊರಂ ತರಿಸಿದೆವು. ಲೆಕ್ಕ ಸುಲಭ: ದಿನ್ನೆ ಎಷ್ಟು ಎತ್ತರವೋ ಅದರ ಹತ್ತರಷ್ಟು ದೂರಕ್ಕೆ ಇನ್ನೊಂದು ದಿನ್ನೆ. ನಾವು ಒಂದಡಿ ಎತ್ತರ, ಹತ್ತಡಿಗೆ ಒಂದರಂತೆ ಆರು ದಿನ್ನೆ ಹಾಕಿದೆವು. ನೀರು ಚಿಮುಕಿಸಿ ಸಲಿಕೆಯ ಬೆನ್ನಿನಿಂದ ಬಡಿದು ಗಟ್ಟಿ ಮಾಡಬೇಕು. ಎರೆ ಮಣ್ಣಿನಲ್ಲಿ ಮಾಡಿದರೆ ಒಣಗಿ ಬಿರುಕು ಬಿಡುತ್ತದೆ, ಮೊರಮ್ಮೇ ಆಗಬೇಕು.

ಅಷ್ಟು ಜಾಗವೂ ಇಲ್ಲವೇ? ಅಂಗಳ ಸಾಕು. ಎಂಟು ಇಟ್ಟಿಗೆಗಳನ್ನು ಇಟ್ಟು ನಡುವೆ ಹಾವಿನಂತೆ ಸುತ್ತುವುದು, ಒಂದು ಹಲಗೆಯ ಮೇಲೆ ಬೀಳದೆ ಸಾಗುವುದು, ಕಾಲು ಊರದೆ ನಿಂತಲ್ಲೇ ನಿಲ್ಲುವುದು, ಮುಂದಿನ ಚಕ್ರ ಎತ್ತಿ ಕಟ್ಟೆಯ ಮೇಲಿಡುವುದು. ಗುಡ್ಡದಲ್ಲಿ ಬಿದ್ದವರು ಬೀಳುವುದು ಈ ಸಣ್ಣ ವಿದ್ಯೆಗಳು ಬರದೇ ಇದ್ದುದರಿಂದ ಎನ್ನುತ್ತಾಳೆ ಮಗಳು. ಚಿಕ್ಕಮಗಳೂರಿನಲ್ಲಿ ಇಳಿಜಾರೇ ಎಳೆದುಕೊಂಡು ಹೋಗುತ್ತಿದ್ದುದರಿಂದ ಅವಳು ಇವನ್ನೆಲ್ಲ ಕಲಿತೇ ಇರಲಿಲ್ಲವಂತೆ.

ನನ್ನ ಕಥೆ

"ಒಬ್ಬಳೇ ಹೋಗಬಾರದು" ಎಂಬ ಕಾನೂನು ಮಾಡಿದವಳು ನಾನು. ಹಾಲಿನ ಹುಡುಗಿಗೆ ದಿನವೂ ಬಿಡುವಿರಬೇಕಲ್ಲ? ಒಂದು ದಿನ ಮಗಳು ಕೇಳಿದಳು, "ನೀನೇ ಬಾರಮ್ಮ."

ನನಗೆ ನಲವತ್ನಾಲ್ಕು. ಸೈಕಲ್ಲು ಬಿಟ್ಟು ಇಪ್ಪತ್ತೇಳು ವರ್ಷ. ಜನ ಏನಂದಾರು ಎಂದು ಮೂರು ದಿನ ಯೋಚಿಸಿದೆ. ಕರ್ನಾಟಕದಲ್ಲಿ 2006-07ರಲ್ಲಿ ಸರ್ಕಾರ ಹೈಸ್ಕೂಲು ಮಕ್ಕಳಿಗೆ ಸೈಕಲ್ಲು ಕೊಡಲು ಶುರುಮಾಡಿದ ಮೇಲೆ ಹಳ್ಳಿಯ ಮನೆ ಮನೆಗೂ ಒಂದೊಂದು ಬಂದಿತ್ತಲ್ಲ, ಎದುರುಮನೆಯ ಅಕ್ಕನ ಹಿರಿ ಮಗಳಿಗೆ ಬಂದಿದ್ದು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. "ಒಯ್ರಿ ಅಕ್ಕಾರ, ಹುಡುಗಿ ಗಂಡನ ಮನಿಗೆ ಹೋದ್ಲು, ಯಾರು ಹೊಡೀಬೇಕು" ಎಂದರು. ಚಾಚಾ ಟೈರು, ಚೈನು, ಬ್ರೇಕಿನ ರಬ್ಬರು ಹೊಸದು ಹಾಕಿ, ಸೀಟು ಸರಿಮಾಡಿ ಕೊಟ್ಟರು. ಸೀಟಿನ ಎತ್ತರಕ್ಕೆ ಒಂದು ಸುಲಭ ಅಳತೆ: ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ತಗ್ಗಾದರೆ ಮಂಡಿ ನೋವು ತಪ್ಪದು.

ಮೊದಲ ದಿನ ಎರಡು ಕಿಲೋಮೀಟರಿಗೇ ಏದುಸಿರು. ಕ್ಯಾಂಪಿನ ಕಟ್ಟೆಯ ಮೇಲೆ ಕುಳಿತವರು ನೋಡಿದರು, ನಕ್ಕರು. ಒಂದು ವಾರ ನಕ್ಕರು. ಆಮೇಲೆ ಅವರಿಗೂ ಬೇಜಾರಾಯಿತೆಂದು ಕಾಣುತ್ತದೆ. ಈಗ ನಾನು ಹೋಗದ ದಿನ "ಯಾಕ್ರೀ, ನಿನ್ನೆ ಬರಲಿಲ್ಲ?" ಎಂದು ಕೇಳುತ್ತಾರೆ. ಮಗಳ ವೇಗ ನನಗೆಲ್ಲಿ ಬರಬೇಕು? ಅವಳು ಹೊಲದ ದಾರಿ ಸುತ್ತಿ ಬರುವಷ್ಟರಲ್ಲಿ ನಾನು ನೇರ ರಸ್ತೆಯಲ್ಲಿ ಹೋಗಿ ಬೇವಿನ ಮರದ ಕೆಳಗೆ ಕಾಯುತ್ತೇನೆ. ಮನೆಯಲ್ಲಿ ಬಾಗಿಲ ಹಿಂದೆ ಆಡದ ಮಾತುಗಳನ್ನು ಆ ಮರದ ಕೆಳಗೆ ಅವಳು ತಾನಾಗಿಯೇ ಆಡುತ್ತಾಳೆ. ಊರು ಬಿಟ್ಟ ದುಃಖ, ಗೆಳತಿಯರು ಫೋನು ಮಾಡದ್ದು, ಮುಂದಿನ ಓದು, ಎಲ್ಲ.

ಬುತ್ತಿ ಮತ್ತು ನೀರು

ಈ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಆಗ ಬೆಳಕು ಹರಿಯುವಾಗ ಹೊರಟು ಏಳೂವರೆಗೆ ಮನೆ ಸೇರಬೇಕು. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಮಜ್ಜಿಗೆಗೆ ಉಪ್ಪು, ಜೀರಿಗೆ ಹಾಕಿ ಕೊಟ್ಟರೆ ಬಹಳ ಹಿತ. ತಲೆಸುತ್ತು, ವಾಕರಿಕೆ ಬಂದರೆ ನೆರಳಿಗೆ ಬಂದು ಒದ್ದೆ ಬಟ್ಟೆಯಿಂದ ಮೈ ಒರೆಸಿ ವಿಶ್ರಮಿಸಬೇಕು. ಮಾತು ತೊದಲಿದರೆ, ಮೈ ಕಾದು ಪ್ರಜ್ಞೆ ಮಂಕಾದರೆ ಮೈಮೇಲೆ ನೀರು ಸುರಿದು ತಂಪು ಮಾಡುತ್ತಲೇ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಜೇಬಿನಲ್ಲಿಟ್ಟುಕೊಂಡು ಹೋಗಲು ನಾನು ಮಾಡುವ ಶೇಂಗಾ ಉಂಡೆ ಹೀಗೆ:

ಶೇಂಗಾ 2 ಬಟ್ಟಲು, ಬಿಳಿ ಎಳ್ಳು ಅರ್ಧ ಬಟ್ಟಲು, ಪುಡಿಮಾಡಿದ ಬೆಲ್ಲ 1 ಬಟ್ಟಲು, ಏಲಕ್ಕಿ 3, ಉಪ್ಪು ಒಂದು ಚಿಟಿಕೆ, ತುಪ್ಪ 1 ಚಮಚ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿಯಿರಿ. ಆರಿದ ಮೇಲೆ ಎರಡನ್ನೂ ತರಿತರಿಯಾಗಿ ಪುಡಿಮಾಡಿ, ಬೆಲ್ಲ, ಏಲಕ್ಕಿ, ಉಪ್ಪು ಸೇರಿಸಿ ಮತ್ತೊಂದು ಸುತ್ತು ತಿರುಗಿಸಿ. ಶೇಂಗಾದ ಎಣ್ಣೆಯೇ ಬಿಟ್ಟುಕೊಳ್ಳುತ್ತದೆ. ಕೈಗೆ ತುಪ್ಪ ಸವರಿ ನಿಂಬೆಗಾತ್ರದ ಉಂಡೆ ಕಟ್ಟಿ. ಪಾಕ ಬೇಡ, ಎಂಟು ಹತ್ತು ದಿನ ಕೆಡುವುದಿಲ್ಲ.

ಆಗಾಗ ಗುಡ್ಡಕ್ಕೂ ಹೋಗಬೇಕು

ಬಯಲೇ ಗುಡ್ಡಕ್ಕೆ ಸಮ ಎಂದು ನಾನು ಸುಳ್ಳು ಹೇಳುವುದಿಲ್ಲ. ಉದ್ದನೆಯ ಇಳಿಜಾರಿನಲ್ಲಿ ಕಾಡಿನ ನಡುವೆ ಇಳಿಯುವ ಆ ಸುಖ ಇಲ್ಲಿ ಇಲ್ಲ. ಅದಕ್ಕಾಗಿ ವರ್ಷಕ್ಕೆ ಎರಡು ಸಲ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಹೊರಡುತ್ತೇವೆ. ದಸರಾ ರಜೆಯಲ್ಲಿ ಹೊಸಪೇಟೆ, ಸಂಡೂರಿನ ಬೆಟ್ಟಸಾಲಿನ ಕಡೆಗೆ, ಬೇಸಿಗೆಯಲ್ಲಿ ಚಿಕ್ಕಮಗಳೂರಿಗೆ. ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಬೇಕು.

ಹತ್ತಿರದಲ್ಲೇ ಮಸ್ಕಿ ಇದೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿದ ಊರು ಅದು. ಬಯಲಿನ ನಡುವೆ ಒಂದು ಕಲ್ಲುಗುಡ್ಡ. ಶಾಸನ, ಗುಡಿ ಇರುವ ಕಡೆ ಸೈಕಲ್ಲು ಒಯ್ಯುವುದು ಮರ್ಯಾದೆಯಲ್ಲ. ನಾವು ಅಲ್ಲಿಯವರೆಗೆ ಸೈಕಲ್ಲಿನಲ್ಲಿ ಹೋಗಿ, ಕೆಳಗೆ ಬೀಗ ಹಾಕಿ, ನಡೆದು ಹತ್ತುತ್ತೇವೆ.

ಹೋದ ಬೇಸಿಗೆಯಲ್ಲಿ ಚಿಕ್ಕಮಗಳೂರಿಗೆ ಹೋದಾಗ ಮಗಳು ತನ್ನ ಹಳೆಯ ತೋಟದ ದಾರಿಯನ್ನು ಒಂದು ಸಲವೂ ಕಾಲು ಊರದೆ ಹತ್ತಿದಳು. ಅಲ್ಲಿದ್ದಾಗ ಮೂರು ಕಡೆ ಇಳಿಯುತ್ತಿದ್ದಳಂತೆ. ಎರಡು ವರ್ಷದ ಎದುರು ಗಾಳಿ ಕಾಲಿಗೆ ಬಲ ಕೊಟ್ಟಿತ್ತು, ಬದುವಿನ ದಾರಿ ತೂಕ ಕಲಿಸಿತ್ತು.

ಈಗ ಸಂಜೆ ಹೊತ್ತು ನಮ್ಮ ಹಿತ್ತಲಿನ ದಿನ್ನೆಯ ಮೇಲೆ ಊರಿನ ಏಳೆಂಟು ಹುಡುಗಿಯರು ಸಾಲುಹಿಡಿದು ನಿಲ್ಲುತ್ತಾರೆ. ಒಂದು ಸೈಕಲ್ಲಿಗೆ ಬೆಲ್ಲು ಇಲ್ಲ, ಇನ್ನೊಂದಕ್ಕೆ ಮಡ್‌ಗಾರ್ಡಿಲ್ಲ. ಹಾಲಿನ ಹುಡುಗಿ ನಮ್ಮವಳ ಗೇರಿನ ಸೈಕಲ್ಲು ಹತ್ತುತ್ತಾಳೆ, ನಮ್ಮವಳು ಅವಳ ಕ್ಯಾನಿನ ಸೈಕಲ್ಲು ಹತ್ತಿ ಬೀಳುತ್ತಾಳೆ. ಮನೆ ಬಿಡುವಾಗ ದಿನ್ನೆ ಸಮ ಮಾಡಿ ಕೊಡಬೇಕಲ್ಲ ಎಂದು ಮೊನ್ನೆ ಮಾಲೀಕರಿಗೆ ಹೇಳಿದೆ. "ಇರಲಿ ಬಿಡ್ರಿ, ನನ್ನ ಮೊಮ್ಮಗಳೂ ಆಡ್ತಾಳ" ಎಂದರು.

ಆದ್ದರಿಂದ ಸೋದರಿಯರೇ, ಊರು ಬದಲಾಯಿತೆಂದು ಮಕ್ಕಳ ಸೈಕಲ್ಲು ಮಾರಬೇಡಿ. ಹೊದಿಕೆ ಬಿಚ್ಚಿ, ಟೈರಿಗೆ ಗಾಳಿ ಹಾಕಿಸಿ, ಹೊಸ ಊರಿನ ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ. ಸಾಧ್ಯವಾದರೆ ನೀವೂ ಒಂದು ಸೈಕಲ್ಲು ಹತ್ತಿ. ಬಿದ್ದರೆ ಏಳೋಣ, ಅದಕ್ಕೇನಂತೆ!